ಕೆಟ್ಟಿದೆಯೋ, ಹಳತಾಗಿದೆಯೋ: ಹದಿನಾರು ವರ್ಷದ ಒಂದು ಡಿಜಿಟಲ್ ಕ್ಯಾಮೆರಾದ ಪ್ರಕರಣ

2024ರ ಆರಂಭದಲ್ಲಿ ನನ್ನ ಅಕ್ಕನ ಮಗಳು ಒಂದು ಹಳೆಯ ಕ್ಯಾಮೆರಾ ಚೀಲವನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅದರೊಳಗೆ ಅವಳ ತಂದೆ 2009ರಿಂದ 2018ರವರೆಗೆ ಬಳಸಿ ಬಳಿಕ ಬೀರುವಿನಲ್ಲಿ ಎತ್ತಿಟ್ಟಿದ್ದ ನಿಕಾನ್ ಡಿ700 ಕ್ಯಾಮೆರಾ, 50 ಎಂಎಂ ಎಫ್/1.8ಡಿ ಲೆನ್ಸ್, ಎರಡು ಬ್ಯಾಟರಿ, ಒಂದು ಚಾರ್ಜರ್ ಮತ್ತು 8 ಜಿಬಿಯ ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಇದ್ದವು. ಚೀಲದ ಹೊರಜೇಬಿನಲ್ಲಿ ಅದಕ್ಕಿಂತಲೂ ಹಳೆಯದಾದ, 2001ರ ಸುಮಾರಿನ, 2 ಮೆಗಾಪಿಕ್ಸೆಲ್‌ನ ಪುಟ್ಟ ಕ್ಯಾಮೆರಾ ಒಂದಿತ್ತು. ಬ್ಯಾಟರಿ ಚಾರ್ಜ್ ಮಾಡಿ ಹಾಕಿದರೂ ದೊಡ್ಡ ಕ್ಯಾಮೆರಾ ಚಿತ್ರ ತೆಗೆಯುತ್ತಿಲ್ಲವೆಂದು ಹೇಳಿ ಅವಳು ಕೇಳಿದಳು: "ಮಾಮ, ಇದು ಕೆಟ್ಟಿದೆಯೋ, ಹಳತಾಗಿದೆಯೋ ನೋಡಿ ಹೇಳಿ."

ಅವಳು ಆ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟದ್ದು ನನಗೆ ಬಹಳ ಸರಿಯೆನಿಸಿತು. ಕೆಟ್ಟಿದ್ದರೆ ರಿಪೇರಿಯ ಮಾತು ಬರುತ್ತದೆ. ಹಳತಾಗಿದ್ದರೆ, ಯಾವ ಕೆಲಸಕ್ಕೆ ಹಳತಾಗಿದೆ ಎಂದು ಮೊದಲು ಕೇಳಬೇಕಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಮುಟ್ಟುವ ಮೊದಲು ಅವಳಿಗೆ ಅದರಿಂದ ಏನು ಆಗಬೇಕೆಂದು ಕೇಳಿ ಬರೆದುಕೊಂಡೆ. ಮನೆಯ ಹಿರಿಯರ ಭಾವಚಿತ್ರಗಳನ್ನು ತೆಗೆಯಬೇಕು. ಅಜ್ಜನ ಕಾಲದ ಪತ್ರಗಳು, ಫೋಟೋಗಳು ಮತ್ತು 35 ಎಂಎಂ ನೆಗೆಟಿವ್‌ಗಳನ್ನು ಪ್ರತಿ ಮಾಡಿ ಉಳಿಸಬೇಕು. ಗೆಳತಿಯರ ನೃತ್ಯ ಕಾರ್ಯಕ್ರಮಗಳನ್ನು ಸೆರೆಹಿಡಿಯಬೇಕು, ಸಾಧ್ಯವಾದರೆ ಅವುಗಳ ವಿಡಿಯೊ ಕೂಡ ಬೇಕು. ಅಲ್ಲಿಂದ ಮುಂದಿನ ಪರಿಶೀಲನೆಯೆಲ್ಲ ಈ ಕೆಲಸಗಳನ್ನು ಎದುರಿಗಿಟ್ಟುಕೊಂಡೇ ನಡೆಯಿತು.

ಮೊದಲ ಪರಿಶೀಲನೆ

ಬ್ಯಾಟರಿ ಹಾಕಿ ಸ್ವಿಚ್ ತಿರುಗಿಸಿದಾಗ ಮೇಲಿನ ಪುಟ್ಟ ಪರದೆಯಲ್ಲಿ "ಎಫ್ ಇ ಇ" ಎಂಬ ಅಕ್ಷರಗಳು ಮಿನುಗಿದವು, ಬೆಳಕಿಗೆ ತೆರೆದು ಮುಚ್ಚಿಕೊಳ್ಳುವ ಬಾಗಿಲಾದ ಶಟರ್ ಬಿಡುಗಡೆಯಾಗಲಿಲ್ಲ. ಅವಳು ಇದನ್ನೇ ನೋಡಿ ಯಂತ್ರ ಸತ್ತಿದೆ ಎಂದುಕೊಂಡಿದ್ದಳು. ವಾಸ್ತವದಲ್ಲಿ ಅದು ದೋಷದ ಸೂಚನೆಯೇ ಆಗಿರಲಿಲ್ಲ. ಆ ಪೀಳಿಗೆಯ ಲೆನ್ಸ್‌ಗಳಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ತೆರವನ್ನು, ಹೊಂದಿಸಲು ಲೆನ್ಸಿನ ಮೇಲೆಯೇ ಒಂದು ಬಳೆ ಇರುತ್ತದೆ. ಅದನ್ನು ಅತಿ ಕಿರಿದಾದ ತೆರವಿಗೆ, ಅಂದರೆ ಈ ಲೆನ್ಸಿನಲ್ಲಿ ಎಫ್/22ಕ್ಕೆ, ತಿರುಗಿಸಿ ಬೀಗ ಹಾಕಿದರೆ ಮಾತ್ರ ಕ್ಯಾಮೆರಾ ಅಪರ್ಚರನ್ನು ತನ್ನ ಹತೋಟಿಗೆ ತೆಗೆದುಕೊಳ್ಳುತ್ತದೆ. ಬಳೆ ತಿರುಗಿಸಿದೊಡನೆ ಶಟರ್ ಸದ್ದು ಮಾಡಿತು. ಹಳೆಯ ಕ್ಯಾಮೆರಾಗಳಲ್ಲಿ ಎಷ್ಟೋ ಇಂಥ ಒಂದು ಸಣ್ಣ ತಿಳಿವಳಿಕೆ ಕೈಯಿಂದ ಕೈಗೆ ದಾಟದ ಕಾರಣಕ್ಕೇ ಮೂಲೆ ಸೇರುತ್ತವೆ ಎಂಬುದು ನನ್ನ ಬಹುಕಾಲದ ಅನುಭವ, ಮತ್ತು ಅದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

"ಕ್ಲಾಕ್" ಎಂಬ ಸೂಚನೆಯೂ ಮಿನುಗುತ್ತಿತ್ತು. ಕ್ಯಾಮೆರಾದ ಗಡಿಯಾರಕ್ಕೆ ಒಳಗಿರುವ ಪುಟ್ಟ ಮರುಚಾರ್ಜ್ ಕೋಶವು ಮುಖ್ಯ ಬ್ಯಾಟರಿಯಿಂದಲೇ ತುಂಬಿಕೊಳ್ಳುತ್ತದೆ. ಆರು ವರ್ಷ ಬ್ಯಾಟರಿಯಿಲ್ಲದೆ ಬಿದ್ದಿದ್ದರಿಂದ ಅದು ಪೂರ್ತಿ ಬರಿದಾಗಿತ್ತು. ಎರಡು ದಿನ ಬ್ಯಾಟರಿಯನ್ನು ಒಳಗೇ ಬಿಟ್ಟಾಗ ಚೇತರಿಸಿಕೊಂಡಿತು. ಈ ಮಾದರಿಯ ಮೆನುವಿನಲ್ಲಿ ಬ್ಯಾಟರಿಯ ವಯಸ್ಸನ್ನು 0ರಿಂದ 4ರವರೆಗಿನ ಅಂಕೆಯಲ್ಲಿ ತೋರಿಸುವ ವ್ಯವಸ್ಥೆಯಿದೆ. ಒಂದು ಬ್ಯಾಟರಿ 4 ಎಂದು ತೋರಿಸಿತು, ಅಂದರೆ ಅದರ ಆಯಸ್ಸು ಮುಗಿದಿದೆ, ಇನ್ನೊಂದು 1ರಲ್ಲಿತ್ತು. ಒಂದು ಚಿತ್ರ ತೆಗೆದು ಅದರ ಮಾಹಿತಿಯನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ಓದಿದಾಗ ಶಟರ್ ಎಣಿಕೆ 58,000ದ ಆಸುಪಾಸಿನಲ್ಲಿತ್ತು. ತಯಾರಕರು ಈ ಶಟರನ್ನು 1,50,000 ಬಾರಿಗೆ ಪರೀಕ್ಷಿಸಿದ್ದರು. ಅದು ಖಾತರಿಯ ಮಾತಲ್ಲ, ಕೆಲವು ಶಟರ್‌ಗಳು ಬೇಗ ಸೋಲುತ್ತವೆ, ಕೆಲವು ದುಪ್ಪಟ್ಟು ಬಾಳುತ್ತವೆ. ಆದರೂ ಅರ್ಧಕ್ಕಿಂತ ಹೆಚ್ಚು ದಾರಿ ಉಳಿದಿದೆ ಎಂದು ಭಾವಿಸಲು ಅಷ್ಟು ಸಾಕಾಗಿತ್ತು.

ಲೆನ್ಸಿನ ಮುಂಗಾಜಿನ ಒಳಬದಿಯಲ್ಲಿ ಜೇಡರ ಬಲೆಯಂತೆ ಬೂಷ್ಟು ಹರಡಲು ಆರಂಭಿಸಿತ್ತು, ಅದನ್ನು ರಿಪೇರಿಯವರು ಬಿಚ್ಚಿ ಶುಚಿ ಮಾಡಿಕೊಟ್ಟರು. ಹಿಡಿಯ ರಬ್ಬರು ವಯಸ್ಸಿಗೆ ತಕ್ಕಂತೆ ಸಡಿಲವಾಗಿತ್ತು. ನಾನು ಹೆಚ್ಚು ಹೊತ್ತು ನೋಡಿದ್ದು ಕಾರ್ಡ್ ಕೂರುವ ಗೂಡಿನ ಒಳಗನ್ನು. ಕಾಂಪ್ಯಾಕ್ಟ್ ಫ್ಲ್ಯಾಶ್ ಗೂಡಿನಲ್ಲಿ 50 ಸಣ್ಣ ಮುಳ್ಳುಗಳಿರುತ್ತವೆ. ಕಾರ್ಡನ್ನು ಓರೆಯಾಗಿ ಒತ್ತಿ ಒಂದು ಮುಳ್ಳು ಬಾಗಿದರೂ ಉಳಿದೆಲ್ಲ ಸರಿಯಿರುವ ಕ್ಯಾಮೆರಾ ನಿರುಪಯೋಗಿಯಾಗುತ್ತದೆ. ಇಲ್ಲಿ ಐವತ್ತೂ ನೆಟ್ಟಗಿದ್ದವು. ಹಾಗಾಗಿ ಅವಳ ಪ್ರಶ್ನೆಯ ಮೊದಲ ಅರ್ಧಕ್ಕೆ ಅಂದೇ ಉತ್ತರ ಕೊಟ್ಟೆ: ಕೆಟ್ಟಿಲ್ಲ.

ಹೊರಜೇಬಿನ ಕ್ಯಾಮೆರಾ

ಪುಟ್ಟ ಕ್ಯಾಮೆರಾದ ಕಥೆ ತದ್ವಿರುದ್ಧವಾಗಿತ್ತು. ಅದು ಎಲ್ಲೆಡೆ ಸಿಗುವ ಎಎ ಸೆಲ್ಲುಗಳಿಂದ ನಡೆಯುವುದರಿಂದ ವಿದ್ಯುತ್ತಿನ ತೊಂದರೆಯೇ ಇರಲಿಲ್ಲ. ನಾಲ್ಕು ಹೊಸ ಸೆಲ್ ಹಾಕಿದೊಡನೆ ಜೀವ ಬಂತು. ಆದರೆ ಅದು ಚಿತ್ರ ಉಳಿಸುವುದು ಸ್ಮಾರ್ಟ್‌ಮೀಡಿಯಾ ಎಂಬ, ಬೆಂಕಿಪೊಟ್ಟಣಕ್ಕಿಂತ ತುಸು ಅಗಲದ ತೆಳು ಕಾರ್ಡಿನಲ್ಲಿ. 1995ರಲ್ಲಿ ತೋಷಿಬಾ ಹೊರತಂದ ಆ ಬಗೆಯ ಕಾರ್ಡು 128 ಎಂಬಿಗಿಂತ ಮೇಲೇರಲೇ ಇಲ್ಲ, ಈಗ ಅದನ್ನು ಯಾರೂ ತಯಾರಿಸುವುದಿಲ್ಲ, ಅದನ್ನು ಓದುವ ಕಾರ್ಡ್ ರೀಡರ್ ಕೂಡ ಮಾರುಕಟ್ಟೆಯಿಂದ ಮರೆಯಾಗಿದೆ. ಒಳಗಿದ್ದ ಕಾರ್ಡಿನಲ್ಲಿ ಚಿತ್ರಗಳಿದ್ದವು. ಅದೃಷ್ಟವಶಾತ್ ಈ ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ಕಂಪ್ಯೂಟರು ಅದನ್ನು ಒಂದು ಸಾಮಾನ್ಯ ಡಿಸ್ಕ್ ಎಂದೇ ಪರಿಗಣಿಸಿತು, ಹೀಗಾಗಿ ತನ್ನ ಕಾರ್ಡನ್ನು ಓದುವ ಯಂತ್ರವಾಗಿ ಅದೇ ಒದಗಿತು. ಬಂದ ಚಿತ್ರಗಳು 1600 × 1200 ಪಿಕ್ಸೆಲ್‌ನವು. 6 ಇಂಚು ಅಗಲದ ಮುದ್ರಣಕ್ಕೆ ಇಂಚಿಗೆ 260ಕ್ಕಿಂತ ಹೆಚ್ಚು ಪಿಕ್ಸೆಲ್ ಸಿಗುವುದರಿಂದ ಆಲ್ಬಮ್ಮಿಗೆ ಅವು ಇಂದಿಗೂ ಧಾರಾಳವಾಗಿ ಸಾಕು. ಆದರೆ ಒಂದು ಚಿತ್ರ ತೆಗೆದು ಇನ್ನೊಂದಕ್ಕೆ ಸಿದ್ಧವಾಗಲು ಅದು ಹಲವು ಕ್ಷಣ ಕಾಯಿಸುತ್ತದೆ, ಇರುವ ಒಂದು ಕಾರ್ಡು ಹೋದರೆ ಮುಂದೆ ದಾರಿಯಿಲ್ಲ. ಅದನ್ನು ನೆನಪಿಗಾಗಿ ಎತ್ತಿಟ್ಟೆವು.

ಒಂದೇ ಚೀಲದ ಈ ಎರಡು ಯಂತ್ರಗಳ ನಡುವೆ ಅಂತರ ಕೇವಲ ಏಳು ವರ್ಷ. ಆದರೆ ಮೊದಲನೆಯದು ಬಂದ ನಾಲ್ಕೈದು ವರ್ಷಕ್ಕೇ ಹಳತೆನಿಸಿತ್ತು, ಎರಡನೆಯದು ಹದಿನಾರು ವರ್ಷಗಳ ಬಳಿಕವೂ ಪರೀಕ್ಷೆಗೆ ನಿಲ್ಲಲು ಅರ್ಹವಾಗಿತ್ತು. ಈ ವ್ಯತ್ಯಾಸದ ಕಾರಣ ಹುಡುಕುವುದೇ ನನ್ನ ಅಧ್ಯಯನದ ತಿರುಳಾಯಿತು.

ಒಂದೇ ಲೆನ್ಸ್, ಎರಡು ಸೆನ್ಸರ್

ಹೋಲಿಕೆಗಾಗಿ ಸ್ನೇಹಿತರೊಬ್ಬರಿಂದ 2018ರ ಮಿರರ್‌ಲೆಸ್, ಅಂದರೆ ಡಿ700ರಲ್ಲಿರುವಂಥ ಕನ್ನಡಿ ಒಳಗಿಲ್ಲದ, ಮಾದರಿಯಾದ ನಿಕಾನ್ ಝಡ್6 ಅನ್ನು ಹಳೆಯ ಲೆನ್ಸ್ ಜೋಡಿಸುವ ಅಡಾಪ್ಟರ್ ಸಮೇತ ಎರವಲು ತಂದೆ. ಎರಡರ ಸೆನ್ಸರುಗಳೂ, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕಗಳೂ, ಸುಮಾರು 36 × 24 ಎಂಎಂ ಅಳತೆಯ, 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಫುಲ್ ಫ್ರೇಮ್ ಸೆನ್ಸರುಗಳಾದ್ದರಿಂದ ಅದೇ 50 ಎಂಎಂ ಲೆನ್ಸನ್ನು ಎರಡಕ್ಕೂ ಹಾಕಿ, ಟ್ರೈಪಾಡಿನ ಮೇಲಿಟ್ಟು, ಕೈಯಿಂದಲೇ ಫೋಕಸ್ ಮಾಡಿ, ಎಫ್/5.6ರಲ್ಲಿ ಒಂದೇ ಬೆಳಕಿನಲ್ಲಿ ಚಿತ್ರಗಳನ್ನು ತೆಗೆದೆ. ಹೀಗೆ ಮಾಡಿದರೆ ಲೆನ್ಸಿನ ಗುಣದೋಷಗಳು ಎರಡೂ ಕಡೆ ಸಮವಾಗಿ ಬಿದ್ದು ಸೆನ್ಸರಿನ ವ್ಯತ್ಯಾಸವಷ್ಟೇ ಉಳಿಯುತ್ತದೆ.

ಡಿ700 ಕೊಡುವುದು 4256 × 2832 ಪಿಕ್ಸೆಲ್, ಅಂದರೆ 12.1 ಮೆಗಾಪಿಕ್ಸೆಲ್, ಝಡ್6 ಕೊಡುವುದು 6048 × 4024, ಅಂದರೆ 24.5 ಮೆಗಾಪಿಕ್ಸೆಲ್. ಎ4 ಹಾಳೆಗೆ ಮುದ್ರಿಸಿದಾಗ ಹಳೆಯ ಕ್ಯಾಮೆರಾದ ಚಿತ್ರದಲ್ಲಿ ಇಂಚಿಗೆ ಸುಮಾರು 340 ಪಿಕ್ಸೆಲ್ ಬರುತ್ತದೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ 300 ಸಾಕೆಂಬ ರೂಢಿಯಿದೆ. ಐಎಸ್‌ಒ (ಮಂದ ಬೆಳಕಿಗೆ ಏರಿಸಿಕೊಳ್ಳುವ ಸಂವೇದನೆಯ ಮಟ್ಟ) 200ರಿಂದ 1600ರವರೆಗಿನ ಎ4 ಮುದ್ರಣಗಳನ್ನು ಹೆಸರು ಹೇಳದೆ ಮನೆಯವರ ಮುಂದೆ ಹರಡಿದೆ. ಯಾವುದು ಯಾವ ಕ್ಯಾಮೆರಾದ್ದೆಂದು ನಿಶ್ಚಯವಾಗಿ ಹೇಳಲು ಯಾರಿಗೂ ಆಗಲಿಲ್ಲ, ತೆಗೆದ ನನಗೇ ಎರಡು ಕಡೆ ತಪ್ಪಿತು. ಎ3 ಅಳತೆಯಲ್ಲಿ ಹಳೆಯದು ಇಂಚಿಗೆ 240ಕ್ಕೆ ಇಳಿಯುತ್ತದೆ. ಅಲ್ಲಿ ಸೀರೆಯ ನೇಯ್ಗೆ, ಕೂದಲ ಎಳೆಗಳಂಥ ಸೂಕ್ಷ್ಮಗಳನ್ನು ಹತ್ತಿರದಿಂದ ನೋಡಿದರೆ ಹೊಸದರ ಮೇಲುಗೈ ಕಾಣಿಸುತ್ತದೆ, ಗೋಡೆಗೆ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಸರಿದರೆ ಆ ವ್ಯತ್ಯಾಸ ಕರಗುತ್ತದೆ. ಪರದೆಯ ವಿಷಯಕ್ಕೆ ಬಂದರೆ 4ಕೆ ಪರದೆಯಲ್ಲಿರುವುದೇ 8.3 ಮೆಗಾಪಿಕ್ಸೆಲ್, ಆದ್ದರಿಂದ 12 ಮೆಗಾಪಿಕ್ಸೆಲ್‌ನ ಚಿತ್ರ ಅದನ್ನು ತುಂಬಿ ಮಿಗುತ್ತದೆ.

ಇದಕ್ಕೆ ಸರಳವಾದ ಒಂದು ಲೆಕ್ಕ ಹಿನ್ನೆಲೆಯಾಗಿದೆ. ಪಿಕ್ಸೆಲ್‌ಗಳು ಚದರದಲ್ಲಿ ಹೆಚ್ಚುತ್ತವೆ, ಕಣ್ಣಿಗೆ ಕಾಣುವ ಸೂಕ್ಷ್ಮತೆಯಾದರೋ ಉದ್ದದ ಅಳತೆಯಲ್ಲಿ ಹೆಚ್ಚುತ್ತದೆ. ಹಾಗಾಗಿ ಪಿಕ್ಸೆಲ್ ಎರಡರಷ್ಟಾದರೆ ಸೂಕ್ಷ್ಮತೆ ಒಂದೂವರೆಯಷ್ಟೂ ಆಗದೆ 1.4 ಪಟ್ಟಿನಲ್ಲಿ ನಿಲ್ಲುತ್ತದೆ. ಇದೇ ತಯಾರಕರ ಡಿ1 1999ರಲ್ಲಿ 2.7 ಮೆಗಾಪಿಕ್ಸೆಲ್‌ನೊಂದಿಗೆ ಬಂತು, 2004ರ ಡಿ70 6 ಮೆಗಾಪಿಕ್ಸೆಲ್‌ಗೆ ಏರಿತು, 2008ರ ಡಿ700 12ಕ್ಕೆ, 2012ರ ಡಿ600 24ಕ್ಕೆ. ಆ ಬಳಿಕ ಇದೇ ದರ್ಜೆಯ ಕ್ಯಾಮೆರಾಗಳಲ್ಲಿ ಏರಿಕೆ ನಿಂತೇಹೋಯಿತೆನ್ನಬಹುದು: 2018ರ ಝಡ್6 ಕೂಡ 24, 2024ರ ಝಡ್6 ಮೂರನೆಯ ಆವೃತ್ತಿ ಕೂಡ 24. ಹೆಚ್ಚು ಪಿಕ್ಸೆಲ್‌ನ ಮಾದರಿಗಳು ಇಲ್ಲವೆಂದಲ್ಲ. ಆದರೆ ಎಲ್ಲ ಕೆಲಸಕ್ಕೂ ಒದಗುವ ಕ್ಯಾಮೆರಾಕ್ಕೆ ಅಷ್ಟು ಸಾಕೆಂದು ತಯಾರಕರೇ ಒಪ್ಪಿಕೊಂಡಂತಿದೆ. ಮೊದಲ ಹಂತದ ಏರಿಕೆಯಲ್ಲಿ ಪ್ರತಿ ಹೊಸ ಮಾದರಿಯೂ ಹಳೆಯದಕ್ಕೆ ಅಸಾಧ್ಯವಾಗಿದ್ದ ಮುದ್ರಣವನ್ನು ಸಾಧ್ಯ ಮಾಡುತ್ತಿತ್ತು, ಆದ್ದರಿಂದಲೇ ಹಳೆಯದು ಬೇಗ ಮೂಲೆಗೆ ಬೀಳುತ್ತಿತ್ತು.

ಬೆಳಕಿನ ವಿಷಯದಲ್ಲೂ ಇಂಥದೇ ಒಂದು ಛಾವಣಿಯಿದೆ. ಮಂದ ಬೆಳಕಿನ ಚಿತ್ರದಲ್ಲಿ ಕಾಣುವ ಕಾಳುಕಾಳಾದ ನಾಯ್ಸ್‌ನ ಬಹುಪಾಲು ಹುಟ್ಟುವುದು ಬೆಳಕಿನ ಸ್ವಭಾವದಿಂದಲೇ; ಬೆಳಕಿನ ಕಣಗಳು ಮಳೆಹನಿಗಳಂತೆ ಲೆಕ್ಕ ತಪ್ಪಿ ಬೀಳುವುದರಿಂದ, ಕಡಿಮೆ ಬಿದ್ದಷ್ಟೂ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಏರುಪೇರು ಎದ್ದು ಕಾಣುತ್ತದೆ. ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹಿಡಿಯುವ ಸೆನ್ಸರು ಇದ್ದರೆ, ಎಷ್ಟೇ ಪರಿಪೂರ್ಣವಾದ ಸೆನ್ಸರೂ ಅದರ ಎರಡರಷ್ಟನ್ನು ಮಾತ್ರ ಹಿಡಿಯಬಲ್ಲದು, ಅಂದರೆ ಲಾಭ ಒಂದೇ ಸ್ಟಾಪ್ (ಬೆಳಕು ಎರಡರಷ್ಟಾಗುವುದನ್ನು ಒಂದು ಸ್ಟಾಪ್ ಎನ್ನುತ್ತಾರೆ). ಇಲ್ಲದ ಬೆಳಕನ್ನು ಯಾವ ತಂತ್ರಜ್ಞಾನವೂ ಸೆನ್ಸರಿಗೆ ತರಲಾರದು. ಡಿ700ರ ಒಂದೊಂದು ಪಿಕ್ಸೆಲ್ ಸುಮಾರು 8.45 ಮೈಕ್ರೊಮೀಟರ್ ಅಗಲದ್ದು, ಸೆನ್ಸರಿನ ಒಟ್ಟು ವಿಸ್ತೀರ್ಣ 860 ಚದರ ಮಿಲಿಮೀಟರ್. ಹೀಗಾಗಿ ಅದು ತನ್ನ ಕಾಲಕ್ಕೇ ಈ ಛಾವಣಿಯ ಸಮೀಪ ತಲುಪಿತ್ತು.

ಆದರೆ ನೆರಳಿನಲ್ಲಿ ಹಳೆಯದು ಸ್ಪಷ್ಟವಾಗಿ ಸೋತಿತು, ಅದನ್ನು ಮುಚ್ಚಿಡುವುದು ತಪ್ಪು. ಕಿಟಕಿಯ ಮುಂದೆ ಕುಳಿತವರ ಚಿತ್ರವನ್ನು ಹೊರಗಿನ ಬೆಳಕು ಸುಡದಂತೆ ಕತ್ತಲಾಗಿ ತೆಗೆದು, ಬಳಿಕ ಮುಖವನ್ನು ತಂತ್ರಾಂಶದಲ್ಲಿ ಮೂರು ಸ್ಟಾಪ್ ಬೆಳಗಿಸಿದೆ. ಝಡ್6ರ ಚಿತ್ರ ಏನೂ ಆಗದಂತೆ ಎದ್ದು ನಿಂತಿತು, ಡಿ700ರದ್ದರಲ್ಲಿ ಬಣ್ಣದ ಚುಕ್ಕೆಗಳೂ ತೆಳು ಪಟ್ಟೆಗಳೂ ಕಾಣಿಸಿಕೊಂಡವು. ಹಳೆಯ ಸೆನ್ಸರಿನಲ್ಲಿ ಪಿಕ್ಸೆಲ್‌ನ ವಿದ್ಯುತ್ ಸಂಕೇತ ಹೊರಗಿದ್ದ ಪರಿವರ್ತಕದವರೆಗೆ ಪ್ರಯಾಣಿಸಿ ಅಲ್ಲಿ ಅಂಕೆಯಾಗುತ್ತಿತ್ತು, ಆ ದಾರಿಯಲ್ಲಿ ಕಲಬೆರಕೆಯಾಗುತ್ತಿತ್ತು; ಹೊಸದರಲ್ಲಿ ಪರಿವರ್ತನೆ ಸೆನ್ಸರಿನ ಮೇಲೆಯೇ, ಪ್ರತಿ ಲಂಬ ಸಾಲಿಗೂ ಪ್ರತ್ಯೇಕವಾಗಿ ನಡೆಯುತ್ತದೆ. ಈ ವ್ಯತ್ಯಾಸ ಸುಮಾರು ಎರಡು ಸ್ಟಾಪ್‌ನಷ್ಟಿದೆ. ಇದರ ಪರಿಹಾರ ಹಳೆಯ ಕಾಲದ್ದೇ: ತೆಗೆಯುವಾಗಲೇ ಬೆಳಕನ್ನು ಸರಿಮಾಡಿಕೊಳ್ಳಬೇಕು, ಒಂದು ಬಿಳಿ ಬಟ್ಟೆ ಹಿಡಿದು ಮುಖಕ್ಕೆ ಬೆಳಕು ಮರಳಿಸಬೇಕು. ಅಕ್ಕನ ಮಗಳು ಅದನ್ನು ಬಹಳ ಬೇಗ ಕಲಿತಳು.

ನೃತ್ಯದ ಸಂಜೆ

ಅವಳು ಹಠ ಹಿಡಿದು ಡಿ700 ಅನ್ನು ಒಂದು ನೃತ್ಯ ಕಾರ್ಯಕ್ರಮಕ್ಕೆ ಒಯ್ದಳು. ಅದರಲ್ಲಿ 51 ಫೋಕಸ್ ಬಿಂದುಗಳಿದ್ದರೂ ಅವೆಲ್ಲ ಚೌಕಟ್ಟಿನ ನಡುಭಾಗದಲ್ಲಿ ಗುಂಪಾಗಿವೆ. ನರ್ತಕಿ ಅಂಚಿಗೆ ಸರಿದೊಡನೆ ಅವಳನ್ನು ಹಿಂಬಾಲಿಸಲು ಬಿಂದುವೇ ಇರುವುದಿಲ್ಲ. ಈಗಿನ ಕ್ಯಾಮೆರಾಗಳು ಸೆನ್ಸರಿನ ಬಹುತೇಕ ಎಲ್ಲ ಭಾಗದಲ್ಲೂ ಫೋಕಸ್ ಮಾಡಿ ಕಣ್ಣನ್ನೇ ಗುರುತಿಸಿ ಹಿಡಿದಿಡುತ್ತವೆ. ಎಫ್/1.8ರಲ್ಲಿ, ಐಎಸ್‌ಒ 6400ರಲ್ಲಿ ಅವಳು ತೆಗೆದವುಗಳಲ್ಲಿ ಮುಖ ನಿಚ್ಚಳವಾಗಿ ಬಂದವು ಕಡಿಮೆ, ಕಣ್ಣಿನ ಬದಲು ಕಿವಿಯ ಓಲೆ ಸ್ಪಷ್ಟವಾಗಿದ್ದವು ಹಲವು. ಕನ್ನಡಿ ಮೇಲೇಳುವ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ವಿಡಿಯೊ ಈ ಮಾದರಿಯಲ್ಲಿ ಇಲ್ಲವೇ ಇಲ್ಲ. ರಾತ್ರಿಯೇ ಚಿತ್ರ ಕಳುಹಿಸೆಂದು ಗೆಳತಿಯರು ಕೇಳಿದಾಗ ಕಾರ್ಡ್ ತೆಗೆದು ಮನೆಯ ಕಂಪ್ಯೂಟರಿಗೆ ಹಾಕುವವರೆಗೆ ಏನೂ ಮಾಡುವಂತಿರಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ತೆಗೆದವರ ಚಿತ್ರಗಳು ಎಲ್ಲೆಡೆ ಹರಿದಾಡಿದ್ದವು. ಫೋನಿನ ಸೆನ್ಸರು ವಿಸ್ತೀರ್ಣದಲ್ಲಿ ಇದರ ಹನ್ನೆರಡನೆಯ ಒಂದು ಪಾಲಿನಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೂ, ಒಂದರ ಮೇಲೊಂದು ಹಲವು ಚಿತ್ರ ತೆಗೆದು ಬೆಸೆದು ಅದು ಆ ಕೊರತೆಯ ಬಹುಭಾಗವನ್ನು ತುಂಬಿಕೊಳ್ಳುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ದೃಢವಾಯಿತು. ಕಳೆದ ಹತ್ತು ಹನ್ನೆರಡು ವರ್ಷಗಳ ಪ್ರಗತಿ ಚಿತ್ರದ ಗುಣಮಟ್ಟದಲ್ಲಿ ಆದದ್ದಕ್ಕಿಂತ, ತಪ್ಪಿಹೋಗಬಹುದಾಗಿದ್ದ ಚಿತ್ರವನ್ನು ಹಿಡಿದುಕೊಡುವುದರಲ್ಲಿ ಹೆಚ್ಚಾಗಿ ಆಗಿದೆ. ಸ್ಥಿರವಾಗಿ ಕುಳಿತ ಅಜ್ಜಿಯ ಮುಖಕ್ಕೆ ಆ ಪ್ರಗತಿ ಬೇಕಾಗಿಲ್ಲ, ವೇದಿಕೆಯ ಮೇಲೆ ಸುತ್ತುವ ಹುಡುಗಿಗೆ ಬೇಕು.

ಪತ್ರ ಮತ್ತು ನೆಗೆಟಿವ್

ಪ್ರತಿ ಮಾಡುವ ಕೆಲಸದಲ್ಲಿ ಹಳೆಯ ಕ್ಯಾಮೆರಾ ನನ್ನ ನಿರೀಕ್ಷೆಯನ್ನೂ ಮೀರಿತು. ಎ4 ಅಳತೆಯ ಪತ್ರವೊಂದು ಚೌಕಟ್ಟನ್ನು ತುಂಬುವಂತೆ ತೆಗೆದರೆ ಇಂಚಿಗೆ 340ರಷ್ಟು ಪಿಕ್ಸೆಲ್ ಸಿಗುತ್ತದೆ, ಮಾಸಿದ ಶಾಯಿಯ ಒತ್ತಕ್ಷರಗಳೂ ಓದಲು ಬಂದವು. 35 ಎಂಎಂ ನೆಗೆಟಿವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಬೀಳಿಸಬಲ್ಲ ಮ್ಯಾಕ್ರೊ ಲೆನ್ಸ್ ಬಳಸಿದಾಗ ಇಂಚಿಗೆ ಸುಮಾರು 3000 ಪಿಕ್ಸೆಲ್ ಬಂತು. ಕೈಯಲ್ಲಿ ಹಿಡಿದು ತೆಗೆದ ಮನೆಯ ಫೋಟೋಗಳಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುವುದು ಅಪರೂಪ. ಚಿತ್ರ ದೊಡ್ಡದು ಮಾಡಿದಾಗ ಮೊದಲು ಕಂಡದ್ದು ಫಿಲ್ಮಿನ ಕಣಗಳೇ ಹೊರತು ಕ್ಯಾಮೆರಾದ ಮಿತಿಯಲ್ಲ.

ಹೋಲಿಕೆಯ ವೇಳೆ ಇನ್ನೊಂದು ಅಂಶ ಗೊತ್ತಾಯಿತು. ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ನಿಕಾನಿನ ಎಫ್ ಮೌಂಟ್ 1959ರಿಂದ ನಡೆದುಬಂದದ್ದು. ಡಿ700 ತನ್ನೊಳಗಿನ ಮೋಟಾರಿನಿಂದ ಹಳೆಯ ಡಿ ಸರಣಿಯ ಲೆನ್ಸ್‌ಗಳನ್ನು ತಾನೇ ತಿರುಗಿಸಿ ಫೋಕಸ್ ಮಾಡುತ್ತದೆ. ನಾನು ಎರವಲು ತಂದ ಅಡಾಪ್ಟರಿನಲ್ಲಿ ಆ ಮೋಟಾರ್ ಇಲ್ಲ, ಹಾಗಾಗಿ ಅದೇ ಲೆನ್ಸ್ ಹೊಸ ಕ್ಯಾಮೆರಾದಲ್ಲಿ ಕೈಯಿಂದಲೇ ಫೋಕಸ್ ಆಗಬೇಕು. ಕ್ಯಾಮೆರಾ ಬದಲಿಸಿದರೆ ಲೆನ್ಸಿನ ಅರ್ಧ ಉಪಯುಕ್ತತೆಯೂ ಅದರೊಂದಿಗೆ ಹೋಗುತ್ತಿತ್ತು.

ಸುತ್ತಲಿನ ಸಾಮಗ್ರಿ

ಇಷ್ಟೆಲ್ಲ ನೋಡಿದ ಮೇಲೆ ಈ ಕ್ಯಾಮೆರಾದ ಅಂತ್ಯ ಎಲ್ಲಿಂದ ಬರಬಹುದೆಂದು ಯೋಚಿಸಿದೆ. ಸೆನ್ಸರಿನಿಂದ ಬರುವ ಸಂಭವ ಕಡಿಮೆ. ಶಟರ್ ಹೋಗಬಹುದು, ಹೋದರೆ ಹೊಸ ಬಿಡಿಭಾಗ ಸಿಗುವುದು ಕಷ್ಟ, ಕೆಟ್ಟ ಇನ್ನೊಂದು ಕ್ಯಾಮೆರಾದಿಂದ ಬಿಚ್ಚಿ ತೆಗೆದದ್ದೇ ಗತಿ. ಆದರೆ ಅದಕ್ಕೂ ಮೊದಲೇ ಕೈಕೊಡುವಂಥವು ಸುತ್ತಲಿನ ಸಾಮಗ್ರಿಗಳು. ಹೊರಜೇಬಿನ ಕ್ಯಾಮೆರಾ ಕಲಿಸಿದ ಪಾಠವೂ ಅದೇ ಆಗಿತ್ತು.

ಬ್ಯಾಟರಿಯ ಮಟ್ಟಿಗೆ ಡಿ700 ಪುಣ್ಯವಂತ. ಅದರ ಇಎನ್-ಇಎಲ್3ಇ ಬ್ಯಾಟರಿಯನ್ನು ಡಿ80, ಡಿ90, ಡಿ200, ಡಿ300ಗಳೂ ಬಳಸುತ್ತಿದ್ದವು. ಬಳಕೆದಾರರು ಅಷ್ಟು ಮಂದಿ ಇರುವುದರಿಂದ ಬೇರೆ ತಯಾರಕರು ಹೊಂದುವ ಬ್ಯಾಟರಿಗಳನ್ನು ಇನ್ನೂ ಮಾಡುತ್ತಿದ್ದಾರೆ. ಒಂದೇ ಒಂದು ಮಾದರಿಗೆಂದು ಮಾಡಿದ ಬ್ಯಾಟರಿ ಬೇಡುವ ಕ್ಯಾಮೆರಾಗಳಿಗೆ ಈ ಭಾಗ್ಯವಿಲ್ಲ. ಕಾರ್ಡಿನ ವಿಷಯದಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ 1994ರಿಂದ ಬಂದದ್ದಾದರೂ ಈಗಲೂ ಮಾರಾಟದಲ್ಲಿದೆ. ಒಂದು ರಾ ಫೈಲ್, ಅಂದರೆ ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸಿದ ಕಡತ, ಸುಮಾರು 16 ಎಂಬಿ ತೂಗುವುದರಿಂದ 8 ಜಿಬಿಯ ಕಾರ್ಡಿನಲ್ಲೇ ಒಂದು ದಿನದ ಕೆಲಸ ಹಿಡಿಸುತ್ತದೆ. 2006ಕ್ಕಿಂತ ಹಿಂದಿನ ಕ್ಯಾಮೆರಾವನ್ನು ಪರಿಶೀಲಿಸುವವರು ಇಲ್ಲಿ ಒಂದು ವಿಚಾರ ಗಮನಿಸಬೇಕು: ಮೂಲ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ, ಆ ವರ್ಷ ಬಂದ ಎಸ್‌ಡಿಎಚ್‌ಸಿ ಕಾರ್ಡು ಹೊರಗಿನಿಂದ ಅದೇ ರೂಪದ್ದಾದರೂ ಅನೇಕ ಹಳೆಯ ಕ್ಯಾಮೆರಾಗಳು ಅದನ್ನು ಓದುವುದಿಲ್ಲ, ಕ್ಯಾಮೆರಾ ಕೆಟ್ಟಿದೆಯೆಂಬ ತಪ್ಪು ತಿಳಿವಳಿಕೆಗೆ ಇದೂ ಒಂದು ಕಾರಣ.

ತಂತ್ರಾಂಶದ ಕಡೆಯಿಂದ ಬಂದ ಸುದ್ದಿ ಮಾತ್ರ ನಿಜಕ್ಕೂ ಸಂತಸದ್ದು. ಕ್ಯಾಮೆರಾದೊಂದಿಗೆ ಅಂದು ಬಂದಿದ್ದ ಸಿಡಿ ಈಗಿನ ಕಂಪ್ಯೂಟರಿನಲ್ಲಿ ನಡೆಯಲಿಲ್ಲ, ಆದರೆ ಅದರ ರಾ ಫೈಲ್‌ಗಳನ್ನು ಡಾರ್ಕ್‌ಟೇಬಲ್‌ನಂಥ ಉಚಿತ, ಮುಕ್ತ ತಂತ್ರಾಂಶಗಳು ಇಂದಿಗೂ ಸರಾಗವಾಗಿ ತೆರೆಯುತ್ತವೆ. ನನ್ನ ಭಾವನವರು 2010ರಲ್ಲಿ ಐಎಸ್‌ಒ 6400ರಲ್ಲಿ ತೆಗೆದ ಒಂದು ರಾ ಫೈಲನ್ನು ಈಗಿನ ನಾಯ್ಸ್ ತೆಗೆಯುವ ತಂತ್ರಾಂಶಕ್ಕೆ ಕೊಟ್ಟಾಗ, ಆಗ ಅವರು ಮಾಡಿಸಿದ್ದ ಮುದ್ರಣಕ್ಕಿಂತ ಎಷ್ಟೋ ನಿರ್ಮಲವಾದ ಚಿತ್ರ ಬಂತು. ಕ್ಯಾಮೆರಾದಲ್ಲಿ ಏನೂ ಬದಲಾಗಿರಲಿಲ್ಲ, ಅದರ ಕಡತವನ್ನು ಓದುವ ವಿದ್ಯೆ ಬೆಳೆದಿತ್ತು. ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿದ ಜೆಪಿಗ್ ಮಾತ್ರ ಉಳಿಸಿ ರಾ ಅಳಿಸಿದ್ದರೆ ಈ ಲಾಭ ಸಿಗುತ್ತಿರಲಿಲ್ಲ.

ತೀರ್ಮಾನ ಮತ್ತು ಮುಂದಿನ ಒಂದು ವರ್ಷ

ಭಾವಚಿತ್ರಕ್ಕೂ ಪ್ರತಿ ಮಾಡುವುದಕ್ಕೂ ಡಿ700 ಅನ್ನೇ ಬಳಸಬೇಕು, ನೃತ್ಯಕ್ಕೂ ವಿಡಿಯೊಗೂ ಬೇಡ ಎಂದು ಹೇಳಿದೆ. ಆಯಸ್ಸು ಮುಗಿದ ಬ್ಯಾಟರಿಯ ಬದಲು ಹೊಸದೊಂದು, ಇನ್ನೊಂದು ಕಾರ್ಡು ತರಿಸಿದೆವು. ಕಾಂಪ್ಯಾಕ್ಟ್ ಫ್ಲ್ಯಾಶ್ ಓದುವ ಕಾರ್ಡ್ ರೀಡರುಗಳನ್ನು ಒಂದರ ಬದಲು ಎರಡು ಕೊಳ್ಳಲು ಹೇಳಿದಾಗ ಅವಳಿಗೆ ಅಚ್ಚರಿಯಾಯಿತು. ಕ್ಯಾಮೆರಾಕ್ಕಿಂತ ಮೊದಲು ಮಾರುಕಟ್ಟೆಯಿಂದ ಮರೆಯಾಗುವುದು ಅದೇ ಎಂದು ವಿವರಿಸಿದೆ. ಬಳಸದ ತಿಂಗಳುಗಳಲ್ಲೂ ಬ್ಯಾಟರಿಯನ್ನು ಅರ್ಧ ತುಂಬಿಸಿ ಹೊರಗಿಡಬೇಕು, ಆಗಾಗ ಎರಡು ದಿನ ಒಳಗಿಟ್ಟು ಗಡಿಯಾರಕ್ಕೆ ಉಣಿಸಬೇಕು, ಲೆನ್ಸನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು, ಕಾರ್ಡನ್ನು ನೇರವಾಗಿಯೇ ಒಳತಳ್ಳಬೇಕು ಎಂದು ಬರೆದುಕೊಟ್ಟೆ.

ಒಂದು ವರ್ಷದಲ್ಲಿ ಅವಳು ಮನೆಯ ಪತ್ರಗಳನ್ನೆಲ್ಲ ಪ್ರತಿ ಮಾಡಿ ಮುಗಿಸಿದಳು, ನೆಗೆಟಿವ್‌ಗಳಲ್ಲಿ ಅರ್ಧ ಆಗಿದೆ. ನೃತ್ಯದ ಚಿತ್ರಗಳಿಗೆ ಬೇಕಾದಾಗ ಹೊಸ ಕ್ಯಾಮೆರಾ ಎರವಲು ತರುತ್ತಾಳೆ. ಮೊನ್ನೆ ಶಟರ್ ಎಣಿಕೆ ನೋಡಿದಾಗ 63,000 ದಾಟಿತ್ತು, ಎರಡನೆಯ ಕಾರ್ಡ್ ರೀಡರಿನ ಪೊಟ್ಟಣವನ್ನು ಇನ್ನೂ ಒಡೆದಿಲ್ಲ.